ನಿಂಬೆ ಕರಿಬೇವುಗಳ ಕಪ್ಪು ಚಿಟ್ಟೆಯೂ ಅದರ ಮೂರು ಹೆಸರುಗಳೂ

ಮುಂಗಾರಿನ ಮೊದಲ ಮಳೆಗಳು ಬಿದ್ದು ನಿಂಬೆ, ಕಿತ್ತಳೆ, ಹೇರಳೆ, ಕರಿಬೇವುಗಳು ಎಳೆಯ ಚಿಗುರನ್ನು ಬಿಡುವ ಕಾಲದಲ್ಲಿ ಶಿವಮೊಗ್ಗೆ, ಭದ್ರಾವತಿ ತಾಲ್ಲೂಕುಗಳ ತೋಟಗಳಲ್ಲಿಯೂ ಮನೆಗಳ ಹಿತ್ತಿಲುಗಳಲ್ಲಿಯೂ ಕಪ್ಪುಬಣ್ಣದ ದೊಡ್ಡ ಚಿಟ್ಟೆಗಳು ಹಾರಾಡುವುದನ್ನು ವಾಚಕ ಮಹಾಶಯರು ನೋಡಿಯೇ ಇರುವರು. ರೆಕ್ಕೆಗಳನ್ನು ಹರಡಿದರೆ ಅವು ಅರ್ಧ ಗೇಣಿಗೆ ಸ್ವಲ್ಪ ಕಡಮೆಯಾದ ಅಗಲವುಳ್ಳವು; ಹಿಂದಿನ ರೆಕ್ಕೆಗಳಿಗೆ ಬಾಲದಂತಹ ಒಂದೊಂದು ಮೊನೆಯುಂಟು. ಇವುಗಳಲ್ಲಿ ಕೆಲವಕ್ಕೆ ಹಿಂದಿನ ರೆಕ್ಕೆಯ ಅಡ್ಡಲಾಗಿ ಬಿಳಿಯ ಮಚ್ಚೆಗಳ ಒಂದು ಸಾಲಿರುತ್ತದೆ. ಕೆಲವಕ್ಕೆ ಅದೇ ರೆಕ್ಕೆಯ ನಡುವೆ ಬಿಳಿಯ ತೇಪೆಯೂ ಅಂಚಿನಲ್ಲಿ ಕೆಂಪು ಚಂದ್ರಾಕೃತಿಗಳೂ ಇರುತ್ತವೆ. ಇನ್ನು ಕೆಲವಕ್ಕೆ ಮುಂದಿನ ರೆಕ್ಕೆಯಲ್ಲಿ ಬಿಳಿಯ ಪಟ್ಟೆಗಳು, ಹಿಂದಿನ ರೆಕ್ಕೆಯಲ್ಲಿ ಕೆಂಪು ಚುಕ್ಕೆಗಳು ಮಾತ್ರ. ಇವು ಎಷ್ಟು ಜಾತಿಯವು ಎಂದು ಕೇಳಿದರೆ ಕಣ್ಣುಳ್ಳ ಯಾವನಾದರೂ ಮೂರು ಎಂದೇ ಹೇಳುವನು. ಪಾಶ್ಚಾತ್ಯ ದೇಶಗಳ ಮಹಾಪಂಡಿತರೂ ನೂರು ವರ್ಷಗಳಿಗೆ ಮೇಲ್ಪಟ್ಟು ಹಾಗೆಯೇ ಹೇಳಿದರು. ಒಂದೊಂದಕ್ಕೂ ಒಂದೊಂದು ಹೆಸರನ್ನೂ ಇಟ್ಟರು. ಆದರೆ ಈ ಮೂರೂ ಒಂದೇ ಜಾತಿಯ ಚಿಟ್ಟೆಗಳು. ಇದಲ್ಲದೆ, ಇವುಗಳ ಜೊತೆಗೆ ಹಾರುವ, ನೋಡುವುದಕ್ಕೆ ಇವುಗಳಂತೆಯೇ ಇರುವ ಬೇರೆ ಎರಡು ಜಾತಿಗಳು ಉಂಟು. ಅವು ಇವುಗಳಿಗೆ ಹತ್ತಿರದ ಬಂಧುಗಳೂ ಅಲ್ಲ, ನಿಂಬೆಯ ಎಲೆಯನ್ನು ಮುಟ್ಟುವುವೂ ಅಲ್ಲ.

ಚಿಟ್ಟೆಗಳ ಹೆಸರನ್ನು ಕಟ್ಟಿಕೊಂಡು ಬೇಸಾಯಗಾರನಿಗೆ ಆಗಬೇಕಾದುದೇನು ಎಂದು ಕೇಳುವವರು ಇರಬಹುದು. ಅವರು ಅಡಕೆಯ ಕೊಳೆರೋಗವನ್ನು ಜ್ಞಾಪಿಸಿಕೊಳ್ಳಬೇಕು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ತೋಟಗಳಲ್ಲಿ ಆ ರೋಗವನ್ನು ಪರೀಕ್ಷಿಸಿ, ಅದಕ್ಕೆ ಕಾರಣವಾದ ಬೂಷ್ಟಿನ ಜಾತಿಯನ್ನು ಗೊತ್ತುಮಾಡಿ, 1910ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ರೋಗದ ಮೂಲ ಇಂಥದೆಂದು ಗೊತ್ತಾದುದರಿಂದಲೇ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಗೊನೆಗಳಿಗೆ ಸಿಂಪಡಿಸುವ ಪದ್ಧತಿ ನಮ್ಮಲ್ಲಿ ನೆಲೆಗೊಂಡಿತು. ಹುಳುಗಳ ವಿಷಯವೂ ಹೀಗೆಯೇ. ನಿಂಬೆಯ ಸಸಿಮಡಿಯಲ್ಲಿ ಎಲೆಗಳು ಬರಿದಾದುವೆಂದು, ಆ ತೋಟದಲ್ಲಿ ಹಾರುತ್ತಿದ್ದ ಕೆಂಪು ಮೈಯ ಚಿಟ್ಟೆಗಳನ್ನೆಲ್ಲ ಹೊಡೆದು ಕೊಲ್ಲಿಸಿದವರನ್ನು ನಾವು ನೋಡಿದ್ದೇವೆ. ಅವರು ಕೊಲ್ಲಿಸಿದುದು ನಿರಪರಾಧಿಗಳನ್ನು. ಅಪರಾಧಿಯು ಪಕ್ಕದ ಕರಿಬೇವಿನ ಗಿಡದ ಮೇಲೆ ನೆಮ್ಮದಿಯಾಗಿ ಮೊಟ್ಟೆಯಿಡುತ್ತಿತ್ತು.

ಈ ತಪ್ಪು ಹಳೆಯದು, ಗೌರವಸ್ಥರು ಮಾಡಿದುದು. ಅದು ಹೇಗೆ ಹುಟ್ಟಿತು, ಹೇಗೆ ತಿದ್ದಲ್ಪಟ್ಟಿತು ಎಂಬುದನ್ನು ತಿಳಿಯಬೇಕಾದರೆ ವಸ್ತುಸಂಗ್ರಹಾಲಯಗಳ ಕಡೆಗೆ ಹೋಗಬೇಕು.

ವಸ್ತುಸಂಗ್ರಹಾಲಯವೆಂದರೆ ಶಿವಮೊಗ್ಗೆಯವರಿಗೆ ಶಿವಪ್ಪನಾಯಕನ ಅರಮನೆಯಲ್ಲಿರುವ ಶಿಲ್ಪಗಳೂ ವೀರಗಲ್ಲುಗಳೂ ನೆನಪಾಗುತ್ತವೆ. ಅಲ್ಲಿ ನಿಂತು ನೋಡಿದವರಿಗೆ ಒಂದು ಸಂಗತಿ ತಿಳಿದಿರಬಹುದು. ಬರೆಹವುಳ್ಳ ವೀರಗಲ್ಲು ಇಂಥ ಅರಸನ ಕಾಲದಲ್ಲಿ, ಇಂಥ ಊರಿನ ತುರುಗಳನ್ನು ಬಿಡಿಸುವಾಗ, ಇಂಥವನು ಸತ್ತನೆಂದು ಹೇಳುತ್ತದೆ. ಬರೆಹವಿಲ್ಲದ ಕಲ್ಲು ಎಷ್ಟೇ ಅಂದವಾಗಿದ್ದರೂ ಯಾರದೆಂದು ಹೇಳಲಾರದು. ಅದನ್ನು ಸಿಕ್ಕಿದ ಸ್ಥಳದಿಂದಲೂ ಎತ್ತಿ ತಂದುಬಿಟ್ಟರೆ ಅದರ ಬಾಯಿ ಪೂರ್ತಿಯಾಗಿ ಕಟ್ಟಿದಂತೆಯೇ ಸರಿ. ಚಿಟ್ಟೆಗಳ ಸಂಗ್ರಹದಲ್ಲಿಯೂ ಇದೇ ನ್ಯಾಯ. ಮರದ ಪೆಟ್ಟಿಗೆಯೊಳಗೆ ಸೂಜಿಗೆ ಚುಚ್ಚಿ, ರೆಕ್ಕೆ ಹರಡಿ ಇಟ್ಟ ಒಣಚಿಟ್ಟೆಯ ಕೆಳಗೆ ಒಂದು ಚಿಕ್ಕ ಚೀಟಿಯಿರುತ್ತದೆ. ಹಿಡಿದ ಊರು, ತಾರೀಖು, ಹಿಡಿದವನ ಹೆಸರು ಆ ಚೀಟಿಯಲ್ಲಿರುತ್ತವೆ. ಚಿಟ್ಟೆಗಿಂತಲೂ ಆ ಚೀಟಿಗೇ ಬೆಲೆ ಹೆಚ್ಚೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಸ್ವೀಡನ್ ದೇಶದ ಲಿನೇಯಸ್ ಎಂಬ ಪಂಡಿತನು ಜಗತ್ತಿನ ಸಕಲ ಪ್ರಾಣಿಗಳಿಗೂ ಎರಡೆರಡು ಪದಗಳ ಹೆಸರನ್ನು ಕೊಡುವ ಪದ್ಧತಿಯನ್ನು ತನ್ನ ಗ್ರಂಥದ 1758ನೆಯ ಇಸವಿಯ ಹತ್ತನೆಯ ಮುದ್ರಣದಲ್ಲಿ ಜಾರಿಗೆ ತಂದನು. ಮೊದಲನೆಯ ಪದ ಕುಲದ್ದು, ಎರಡನೆಯದು ಜಾತಿಯದು. ಆತನು ಭರತಖಂಡಕ್ಕೆ ಎಂದೂ ಬಂದವನಲ್ಲ. ವ್ಯಾಪಾರದ ಹಡಗುಗಳಲ್ಲಿ ಬಂದ ಒಣಚಿಟ್ಟೆಗಳು ಯೂರೋಪಿನ ಶ್ರೀಮಂತರ ಕಪಾಟುಗಳನ್ನು ಸೇರುತ್ತಿದ್ದುವು. ಸ್ವೀಡನ್ನಿನ ರಾಣಿ ಲೊವೀಸಾ ಉಲ್ರಿಕಳ ಅರಮನೆಯಲ್ಲಿ ಅಂತಹ ದೊಡ್ಡ ಸಂಗ್ರಹವೊಂದಿತ್ತು. ಲಿನೇಯಸನು ಇಂತಹ ಪೆಟ್ಟಿಗೆಗಳ ಮುಂದೆ ಕುಳಿತು ರೆಕ್ಕೆಯ ಬಣ್ಣವನ್ನೂ ಆಕಾರವನ್ನೂ ನೋಡಿ ಹೆಸರಿಟ್ಟನು. ಹಲವು ಚಿಟ್ಟೆಗಳಿಗೆ ಆತನು ಹೇಳಿದ ವಾಸಸ್ಥಳ ಏಷ್ಯಾಖಂಡವೆಂಬುದಿಷ್ಟೇ. ಅಷ್ಟು ದೊಡ್ಡ ಖಂಡದಲ್ಲಿ ಯಾವ ಊರೆಂದು ಯಾರನ್ನು ಕೇಳುವುದು!

ನಮ್ಮ ಕಪ್ಪು ಚಿಟ್ಟೆಗಳಲ್ಲಿ ಬಿಳಿಯ ಮಚ್ಚೆಗಳ ಸಾಲುಳ್ಳದ್ದಕ್ಕೆ ಲಿನೇಯಸನು ಪ್ಯಾಪಿಲಿಯೊ ಪ್ಯಾಮನ್ ಎಂದು ಹೆಸರಿಟ್ಟನು. ಬಿಳಿಯ ತೇಪೆಯೂ ಕೆಂಪು ಚಂದ್ರಗಳೂ ಉಳ್ಳ ಮತ್ತೊಂದಕ್ಕೆ ಪ್ಯಾಪಿಲಿಯೊ ಪಾಲಿಟಿಸ್ ಎಂದು ಅದೇ ಗ್ರಂಥದಲ್ಲಿ ಬೇರೆ ಹೆಸರು ಕೊಟ್ಟನು. ಪ್ಯಾಮನ್, ಪಾಲಿಟಿಸ್ ಎಂಬಿಬ್ಬರೂ ಗ್ರೀಕರ ಪುರಾತನ ಮಹಾಕಾವ್ಯದಲ್ಲಿ ಬರುವ ಟ್ರಾಯ್ ನಗರದ ಅರಸನ ಮಕ್ಕಳು. ನಿಜಸ್ಥಿತಿಯಲ್ಲಿ ಆ ಎರಡು ಚಿಟ್ಟೆಗಳು ಗಂಡಹೆಂಡಿರು; ತಿಳಿಯದ ಪಂಡಿತನು ಅವರನ್ನು ಅಣ್ಣತಮ್ಮಂದಿರನ್ನಾಗಿ ಮಾಡಿಬಿಟ್ಟನು. ತರುವಾಯ 1775ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ಜವಳಿ ವರ್ತಕನೂ ಚಿಟ್ಟೆಗಳ ಸಂಗ್ರಾಹಕನೂ ಆದ ಪೀಟರ್ ಕ್ರಾಮರ್ ಎಂಬವನು ಕೆಂಪು ಚುಕ್ಕೆಗಳ ಮೂರನೆಯ ಬಗೆಗೆ ರಾಮ್ಯುಲಸ್ ಎಂಬ ಹೆಸರನ್ನಿಟ್ಟು, ಬಣ್ಣದ ಚಿತ್ರದೊಡನೆ ಅಚ್ಚು ಹಾಕಿಸಿದನು. ಹೀಗೆ ಒಂದು ಮನೆಯವರಿಗೆ ಮೂರು ಮನೆತನಗಳಾದುವು.

ಇಲ್ಲಿ ಹೆಸರುಗಳ ಕಾನೂನನ್ನು ಸ್ವಲ್ಪ ಹೇಳಬೇಕಾಗಿದೆ. ಜಮೀನುದಾರರಿಗೆ ಇದು ಸುಲಭವಾಗಿ ತಿಳಿಯುವ ವಿಷಯ. ಸರ್ವೆ ನಂಬರು ಕಾಗದದಲ್ಲಿದ್ದರೂ ಅದಕ್ಕೆ ಆಧಾರ ನೆಲದಲ್ಲಿ ನೆಟ್ಟಿರುವ ಕಲ್ಲು. ವ್ಯಾಜ್ಯ ಬಂದಾಗ ಕಲ್ಲನ್ನು ಹುಡುಕಿ ಅಳೆಯುತ್ತೇವೆ. ಪ್ರಾಣಿಶಾಸ್ತ್ರದಲ್ಲಿ ಪ್ರತಿಯೊಂದು ಜಾತಿಯ ಹೆಸರೂ ಹೀಗೆಯೇ ಒಂದು ಗೊತ್ತಾದ ಮಾದರಿಗೆ ಕಟ್ಟಲ್ಪಟ್ಟಿರುತ್ತದೆ. ಹೆಸರು ಯಾವುದಕ್ಕೆ ಸಲ್ಲುತ್ತದೆಂಬ ಸಂದೇಹ ಬಂದರೆ, ಲಂಡನ್ ಉಪ್ಸಾಲಾ ಮೊದಲಾದ ನಗರಗಳಲ್ಲಿ ಇನ್ನೂರೈವತ್ತು ವರ್ಷಗಳಿಗೆ ಮೇಲ್ಪಟ್ಟು ಕಾಪಾಡಿಕೊಂಡು ಬಂದಿರುವ ಅಂತಹ ಮೂಲ ಮಾದರಿಯನ್ನು ತೆಗೆದು ನೋಡಬೇಕು. ಒಂದೇ ಜಾತಿಗೆ ಎರಡು ಹೆಸರುಗಳು ಬಿದ್ದಿವೆಯೆಂದು ಸ್ಥಿರಪಟ್ಟರೆ ಮೊದಲು ಪ್ರಕಟವಾದ ಹೆಸರಿಗೇ ಹಕ್ಕು. ಹಿಂದಿನ ತಾರೀಖಿನ ಕ್ರಯಪತ್ರಕ್ಕೆ ಬಲ ಹೆಚ್ಚಿರುವಂತೆ. ಪ್ಯಾಮನ್, ಪಾಲಿಟಿಸ್ ಎರಡೂ ಒಂದೇ ಪುಸ್ತಕದಲ್ಲಿ ಹುಟ್ಟಿದವಾದ ಕಾರಣ, ಮುಂದೆ ಅವನ್ನು ಒಂದುಗೂಡಿಸಿದವರು ಪಾಲಿಟಿಸ್ ಎಂಬುದನ್ನು ಉಳಿಸಿಕೊಂಡರು. ಈಗ ಇದರ ಶಾಸ್ತ್ರೀಯ ನಾಮ ಪ್ಯಾಪಿಲಿಯೊ ಪಾಲಿಟಿಸ್.

ಒಂದುಗೂಡಿಸಿದ ಕಥೆ ಸ್ವಾರಸ್ಯವಾದುದು. ಆಲ್ಫ್ರೆಡ್ ರಸೆಲ್ ವಾಲೇಸ್ ಎಂಬ ಆಂಗ್ಲ ಪ್ರಕೃತಿಶಾಸ್ತ್ರಜ್ಞರು ಮಲಯ ದ್ವೀಪಸಮೂಹದಲ್ಲಿ ಎಂಟು ವರ್ಷ ಅಲೆದು, ಕಾಡಿನಲ್ಲಿ ತಾವೇ ಚಿಟ್ಟೆಗಳನ್ನು ಹಿಡಿದವರು. ಅವರು 1864ರಲ್ಲಿ ಲಂಡನ್ನಿನ ಲಿನೇಯಸ್ ಸಂಘದಲ್ಲಿ ಓದಿದ ಪ್ರಬಂಧವೊಂದರಲ್ಲಿ ಈ ಬಗೆಗಳ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿದರು. ಬಿಳಿಯ ಮಚ್ಚೆಗಳ ಬಗೆಯಲ್ಲಿ ಗಂಡುಗಳು ಹೇರಳವಾಗಿ ಸಿಕ್ಕುವುವು. ಕೆಂಪು ಬಣ್ಣವುಳ್ಳ ಎರಡು ಬಗೆಗಳಲ್ಲಿ ಸಿಕ್ಕುವುವೆಲ್ಲ ಹೆಣ್ಣುಗಳೇ; ಗಂಡು ಒಂದೂ ಇಲ್ಲ. ಗಂಡಿಲ್ಲದ ಜಾತಿ ಹೇಗೆ ಬಾಳೀತು? ಆದಕಾರಣ ಆ ಹೆಣ್ಣುಗಳು ಬಿಳಿಮಚ್ಚೆಯ ಗಂಡಿನವೇ ಆಗಿರಬೇಕು. ಆ ಗಂಡಿಗೆ ತನ್ನಂತೆಯೇ ಬಿಳಿಯ ಮಚ್ಚೆಗಳುಳ್ಳ ಹೆಣ್ಣೂ ಒಂದು ಬಗೆಯುಂಟು. ಅಲ್ಲಿಗೆ ಗಂಡು ಒಂದು ರೂಪ, ಹೆಣ್ಣು ಮೂರು ರೂಪವೆಂದಾಯಿತು. ಅಮೆರಿಕದಲ್ಲಿ ಬಹುಪತ್ನೀತ್ವಕ್ಕೆ ಹೆಸರಾಗಿದ್ದ ಮಾರ್ಮನ್ ಪಂಥದವರ ಹೆಸರನ್ನು ಇಂಗ್ಲಿಷರು ಈ ಚಿಟ್ಟೆಗೆ ಇಟ್ಟುದು ಇದರಿಂದಲೇ.

ಹೆಣ್ಣಿಗೆ ಈ ವೇಷವೇಕೆ? ನಮ್ಮ ಬೇಲಿಗಳಲ್ಲಿಯೂ ಕುರುಚಲು ಕಾಡುಗಳಲ್ಲಿಯೂ ಈಶ್ವರಿ ಬಳ್ಳಿಯೆಂಬುದೊಂದು ಬೆಳೆಯುತ್ತದೆ. ನಾಟಿ ವೈದ್ಯರು ಅದನ್ನು ಬಲ್ಲರು. ಅದರ ಎಲೆಯಲ್ಲಿ ವಿಷವುಂಟು. ಅದನ್ನು ತಿಂದು ಬೆಳೆಯುವ ಚಿಟ್ಟೆಗಳಲ್ಲಿ ಎರಡು ಇಲ್ಲಿ ಮುಖ್ಯವಾದುವು. ಒಂದು, ಲಿನೇಯಸನ ಶಿಷ್ಯನಾದ ಫೆಬ್ರೀಷಿಯಸನು 1775ರಲ್ಲಿ ಆ ಬಳ್ಳಿಯ ಕುಲದ ಹೆಸರನ್ನೇ ಸೇರಿಸಿ ಅರಿಸ್ಟೊಲೋಕಿಯೆ ಎಂದು ಕರೆದುದು. ಮತ್ತೊಂದು, ಲಿನೇಯಸನೇ 1758ರಲ್ಲಿ ಹೆಕ್ಟರ್ ಎಂದು ಕರೆದುದು. ಹುಳುವಾಗಿದ್ದಾಗ ತಿಂದ ವಿಷವು ಚಿಟ್ಟೆಯಾದ ಮೇಲೂ ಮೈಯಲ್ಲಿ ಉಳಿದಿರುತ್ತದೆ. ಒಂದು ಸಲ ಕಚ್ಚಿ ಉಗುಳಿದ ಹಕ್ಕಿ ಆ ಕೆಂಪು ಕಪ್ಪುಗಳನ್ನು ಮರೆಯುವುದಿಲ್ಲ. ನಿಂಬೆಯ ಚಿಟ್ಟೆಗೆ ಅಂತಹ ವಿಷವಿಲ್ಲ. ಅದರ ಹೆಣ್ಣುಗಳಲ್ಲಿ ಒಂದು ಬಗೆ ಅರಿಸ್ಟೊಲೋಕಿಯೆಯ ವೇಷವನ್ನೂ ಇನ್ನೊಂದು ಬಗೆ ಹೆಕ್ಟರಿನ ವೇಷವನ್ನೂ ತೊಟ್ಟು ಹಕ್ಕಿಗಳನ್ನು ಮೋಸಗೊಳಿಸುತ್ತವೆ. ಹೆಕ್ಟರ್ ಇರುವುದು ಭಾರತದಲ್ಲಿಯೂ ಸಿಂಹಳದಲ್ಲಿಯೂ ಆದುದರಿಂದ ಅದನ್ನು ಅನುಕರಿಸುವ ಹೆಣ್ಣುಗಳೂ ಈ ದೇಶಗಳಲ್ಲಿಯೇ ಸಿಕ್ಕುವುವು. ಹಕ್ಕಿಯನ್ನು ಮೋಸಗೊಳಿಸಲು ತೊಟ್ಟ ವೇಷ ಪಂಡಿತರನ್ನೂ ಮೋಸಗೊಳಿಸಿತು.

ಆದರೂ ವಾಲೇಸರು ಹೇಳಿದುದು ತರ್ಕ. ಕಣ್ಣಾರೆ ಕಂಡ ಸಾಕ್ಷ್ಯವಲ್ಲ. ಒಣಚಿಟ್ಟೆ ತನ್ನ ತಾಯಿ ಯಾರೆಂದು ಹೇಳಲಾರದು. ಆ ಸಾಕ್ಷ್ಯವನ್ನು ಒದಗಿಸಿದವರಲ್ಲಿ ಮುಖ್ಯರಾದವರು ಫ್ರಯರ್ ಎಂಬವರು. ಅವರು ಸಿಂಹಳದಲ್ಲಿ ಈ ಚಿಟ್ಟೆಗಳನ್ನು ಮೊಟ್ಟೆಯಿಂದ ಸಾಕಿ, ತಲೆಮಾರಿನಿಂದ ತಲೆಮಾರಿಗೆ ವಂಶಾವಳಿಯನ್ನು ಬರೆದಿಟ್ಟು, 1913ರಲ್ಲಿ ಫಲವನ್ನು ಪ್ರಕಟಿಸಿದರು. ಒಂದೇ ತಾಯಿಯ ಮೊಟ್ಟೆಗಳಿಂದ ಬೇರೆ ಬೇರೆ ರೂಪದ ಹೆಣ್ಣುಮಕ್ಕಳು ಹುಟ್ಟಬಹುದೆಂದೂ, ಗಂಡು ತನ್ನ ಮೈಯಲ್ಲಿ ಆ ಗುಣವನ್ನು ತೋರಿಸದೆ ಇದ್ದರೂ ಮಗಳಿಗೆ ಅದನ್ನು ದಾಟಿಸುವುದೆಂದೂ ಅದರಿಂದ ಸ್ಥಿರವಾಯಿತು. ಹೋರಿಯು ತಾನು ಹಾಲು ಕೊಡದಿದ್ದರೂ ಹಾಲಿನ ಗುಣವನ್ನು ಕಡಸಿಗೆ ದಾಟಿಸುವುದನ್ನು ಬಲ್ಲ ರೈತರಿಗೆ ಇದು ಹೊಸದಲ್ಲ. ಈ ಗುಣವು ಶರೀರದ ಯಾವ ಸೂತ್ರದಲ್ಲಿ ಅಡಗಿದೆಯೆಂಬುದನ್ನು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆಯವರೂ ಅವರ ಅಮೆರಿಕದ ಸಹೋದ್ಯೋಗಿಗಳೂ 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಕೀಟದ ದೇಹ ಗಂಡಾಗಬೇಕೋ ಹೆಣ್ಣಾಗಬೇಕೋ ಎಂಬುದನ್ನು ರೂಪಿಸುವ ‘ಡಬಲ್‌ಸೆಕ್ಸ್’ ಎಂಬ ವಂಶವಾಹಿಯೊಂದೇ ಹೆಣ್ಣಿನ ಈ ವೇಷವನ್ನೂ ನಿಯಮಿಸುತ್ತದೆ. 1758ರಲ್ಲಿ ಎದ್ದ ವ್ಯಾಜ್ಯದ ಕಡೆಯ ಕಾಗದ ಬೆಂಗಳೂರಿನವರ ಕೈಯಿಂದ ಬರೆಯಲ್ಪಟ್ಟಿತೆಂಬುದು ನಮಗೆ ಸಂತೋಷದ ವಿಷಯ.

ಇನ್ನು ತೋಟದಲ್ಲಿ ಗುರುತಿಸುವ ಬಗೆ. ರೆಕ್ಕೆಯನ್ನು ನೋಡಬೇಡಿರಿ, ಮೈಯನ್ನು ನೋಡಿರಿ. ಹೂವಿನ ಮೇಲೆ ಕುಳಿತ ಚಿಟ್ಟೆಯ ತಲೆಯ ಪಕ್ಕಗಳೂ ಹೊಟ್ಟೆಯೂ ಕೆಂಪಾಗಿದ್ದರೆ ಅದು ಈಶ್ವರಿ ಬಳ್ಳಿಯದು. ಅದನ್ನು ಬಿಟ್ಟುಬಿಡಬೇಕು. ಮೈ ಪೂರ್ತಿ ಕಪ್ಪಾಗಿದ್ದರೆ, ರೆಕ್ಕೆಯಲ್ಲಿ ಎಷ್ಟೇ ಕೆಂಪಿದ್ದರೂ, ಅದು ನಿಂಬೆಯ ಚಿಟ್ಟೆ. ಹಾರಾಟದಲ್ಲಿಯೂ ಒಂದು ಸೂಚನೆಯುಂಟು. ವಿಷವುಳ್ಳದ್ದು ಯಾರಿಗೂ ಹೆದರದೆ ನಿಧಾನವಾಗಿ ತೇಲುತ್ತದೆ. ವೇಷಧಾರಿಯು ಅದರಂತೆಯೇ ನಡೆಯುತ್ತಿದ್ದು, ಬೆದರಿಸಿದರೆ ತಟ್ಟನೆ ವೇಗವಾಗಿ ಓಡಿಬಿಡುತ್ತದೆ. ನಿಂಬೆಗೆ ಬರುವ ಇನ್ನೊಂದು ಚಿಟ್ಟೆ ಡೆಮೋಲಿಯಸ್ ಎಂಬುದು. ಅದು ಕಪ್ಪಿನ ಮೇಲೆ ಹಳದಿಯ ಮಚ್ಚೆಗಳುಳ್ಳದ್ದು, ಬಾಲದ ಮೊನೆಯಿಲ್ಲದ್ದು. ಬಿಲ್ವಪತ್ರೆಯ ಎಲೆಯನ್ನೂ ತಿನ್ನುತ್ತದೆ. ಇದನ್ನು ಮೇಲಿನವುಗಳೊಡನೆ ಬೆರಸುವುದಕ್ಕೆ ಕಾರಣವಿಲ್ಲ.

ಪೆಟ್ಟಿಗೆಯಲ್ಲಿಟ್ಟ ಮಾದರಿಯಲ್ಲಿ ಮಾತ್ರ ಈ ಮೈಯ ಗುರುತು ಯಾವಾಗಲೂ ಉಳಿಯುವುದಿಲ್ಲ. ಹಳೆಯ ಮಾದರಿಗಳ ಹೊಟ್ಟೆಯಿಂದ ಜಿಡ್ಡು ಒಸರಿ ಬಣ್ಣ ಮುಚ್ಚಿಹೋಗುವುದುಂಟು. ಪೆಟ್ಟಿಗೆಯೊಳಕ್ಕೆ ನುಗ್ಗಿದ ಸಣ್ಣ ದುಂಬಿಗಳ ಮರಿಹುಳುಗಳು ಹೊಟ್ಟೆಯನ್ನೇ ತಿಂದು ರೆಕ್ಕೆಗಳನ್ನು ಬಿಡುವುದೂ ಉಂಟು. ಈ ಲೇಖಕನು ಒಂದು ವರ್ಷ ಶಿವಮೊಗ್ಗೆಯಲ್ಲಿ ಕೂಡಿಹಾಕಿದ ಮಾದರಿಗಳು ಆಷಾಢದ ಮಳೆಯಲ್ಲಿ ಬೂಷ್ಟು ಹಿಡಿದು, ಶ್ರಾವಣದಲ್ಲಿ ಮುಚ್ಚಳ ತೆಗೆದಾಗ ಎಲ್ಲಕ್ಕೂ ಬೂದುಬಣ್ಣದ ಕಂಬಳಿ ಹೊದಿಸಿದಂತಾಗಿತ್ತು. ಮಲೆನಾಡಿನಲ್ಲಿ ಸಂಗ್ರಹಿಸುವವರು ಮೊದಲು ತೇವವನ್ನು ಗೆಲ್ಲಬೇಕು.

ಬಣ್ಣದಿಂದ ತೀರ್ಮಾನವಾಗದ ಮಾದರಿಗಳಿಗೆ ಬೇರೆ ಪರೀಕ್ಷೆಗಳಿವೆ. ಹೊಟ್ಟೆಯ ತುದಿಯನ್ನು ಬಿಡಿಸಿ, ಕಾಸ್ಟಿಕ್ ಪೊಟ್ಯಾಷ್ ದ್ರಾವಣದಲ್ಲಿ ನೆನೆಸಿ ಮೃದುಮಾಡಿ, ಜನನಾಂಗಗಳ ಗಟ್ಟಿಯಾದ ಭಾಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೆಕ್ಕೆಯಲ್ಲಿ ಒಂದೇ ರೀತಿ ಕಾಣುವ ಎರಡು ಜಾತಿಗಳು ಅಲ್ಲಿ ಅನೇಕ ವೇಳೆ ಬೇರೆಯಾಗಿ ಕಾಣುತ್ತವೆ. ಈಗ ಹಳೆಯ ಮಾದರಿಯ ಒಂದು ಕಾಲನ್ನು ಮಾತ್ರ ತೆಗೆದು ಅದರೊಳಗಿನ ವಂಶದ್ರವ್ಯವನ್ನು ಓದುವ ವಿಧಾನವೂ ಬಂದಿದೆ. ಆದರೆ ಈ ಪರೀಕ್ಷೆಗಳೆಲ್ಲ ಮುಗಿದರೂ ಆ ಚಿಟ್ಟೆ ಯಾವ ಊರಿನದು, ಯಾವ ತಿಂಗಳಿನದು, ಯಾವ ಗಿಡವನ್ನು ತಿಂದು ಬೆಳೆದುದು ಎಂಬುದನ್ನು ಚೀಟಿಯೇ ಹೇಳಬೇಕು.

ಗಿಡವನ್ನು ಬರೆದಿಡುವ ಪದ್ಧತಿಯಲ್ಲಿ ನಮ್ಮ ನೆರೆಯ ಉತ್ತರ ಕನ್ನಡ ಜಿಲ್ಲೆಗೆ ವಿಶೇಷ ಕೀರ್ತಿ ಸಲ್ಲುತ್ತದೆ. ಅರಣ್ಯ ಇಲಾಖೆಯ ಅಧಿಕಾರಿಯಾಗಿದ್ದ ಥಾಮಸ್ ಬೆಲ್ ಅವರು ಡೇವಿಡ್ಸನ್, ಏಟ್ಕನ್ ಎಂಬವರೊಡನೆ ಸೇರಿ ಆ ಜಿಲ್ಲೆಯ ಚಿಟ್ಟೆಗಳ ವಿಷಯವಾಗಿ ಬೊಂಬಾಯಿಯ ಪ್ರಕೃತಿಶಾಸ್ತ್ರ ಸಂಘದ ಪತ್ರಿಕೆಯಲ್ಲಿ 1896 ಮತ್ತು 1897ರಲ್ಲಿ ದೀರ್ಘ ಲೇಖನಗಳನ್ನು ಪ್ರಕಟಿಸಿದರು. ಬಲೆಯಿಂದ ಹಿಡಿದು ಸೂಜಿಗೆ ಚುಚ್ಚುವುದರಲ್ಲಿಯೇ ಅವರಿಗೆ ತೃಪ್ತಿಯಿರಲಿಲ್ಲ. ಹುಳುವನ್ನು ಹುಡುಕಿ, ಅದು ತಿನ್ನುವ ಗಿಡವನ್ನು ಗೊತ್ತುಮಾಡಿ, ಮನೆಯಲ್ಲಿ ಸಾಕಿ, ಕೋಶದಿಂದ ಹೊರಬಂದ ಚಿಟ್ಟೆ ಯಾವುದೆಂದು ನೋಡಿದರು. ಬಯಲುಸೀಮೆಯ ಸಾಮಾನ್ಯ ಚಿಟ್ಟೆಗಳನ್ನು ಕುರಿತು ಬೆಲ್ಲರು ಅದೇ ಪತ್ರಿಕೆಯಲ್ಲಿ 1909ರಿಂದ ಮೊದಲುಮಾಡಿ ಹಲವು ವರ್ಷ ಬರೆದರು. ನಿವೃತ್ತರಾದ ಮೇಲೂ ಕಾರವಾರವನ್ನು ಬಿಡದೆ 1948ರಲ್ಲಿ ಅಲ್ಲಿಯೇ ತೀರಿಕೊಂಡರು. ಘಟ್ಟದ ಈಚೆಗಿರುವ ನಮ್ಮ ಸಾಗರ, ಸೊರಬ ಸೀಮೆಗಳಿಗೂ ಅವರ ಬರೆಹ ಬಹುಮಟ್ಟಿಗೆ ಅನ್ವಯಿಸುತ್ತದೆ. ಮೈಸೂರು ಸಂಸ್ಥಾನದಲ್ಲಿ ಬೆಳೆಗಳ ಕೀಟಗಳ ಕೆಲಸವನ್ನು ಕೋಲ್ಮನ್ನರೊಡನೆ ನಡೆಸಿದವರು ಕೆ. ಕುಂಞಿಕಣ್ಣನ್ ಅವರು, 1931ರಲ್ಲಿ ಅವರು ಕಾಲವಾದರು.

ಋತುವಿನ ಭೇದದಿಂದ ಆದ ಇಂತಹ ಇನ್ನೊಂದು ತಪ್ಪನ್ನು ಭತ್ತದ ಜಮೀನುಳ್ಳವರು ತಿಳಿಯಬೇಕು. ಭದ್ರಾ ನಾಲೆಯ ಕೆಳಗಣ ಗದ್ದೆಗಳ ಬದುಗಳಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಕಂದುಬಣ್ಣದ ಚಿಟ್ಟೆಯೊಂದು ತಡವರಿಸುವಂತೆ ಹಾರಿ ಮನೆಯೊಳಕ್ಕೂ ಬರುವುದುಂಟು. ಹಸುರಾದ ಮೈಯೂ ತಲೆಯ ಮೇಲೆ ಎರಡು ಕೊಂಬುಗಳೂ ಬಾಲದಲ್ಲಿ ಎರಡು ಮೊನೆಗಳೂ ಉಳ್ಳ ಅದರ ಹುಳು ಭತ್ತದ ಗರಿಯನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಈ ಚಿಟ್ಟೆಯ ರೆಕ್ಕೆಯ ಕೆಳಭಾಗದಲ್ಲಿ ಕಣ್ಣಿನಂತಹ ಮಚ್ಚೆಗಳು ಸ್ಪಷ್ಟವಾಗಿ ಕಾಣುತ್ತವೆ. ಬೇಸಗೆಯಲ್ಲಿ ಹುಟ್ಟಿದವುಗಳಿಗೆ ಆ ಕಣ್ಣುಗಳು ಬಹುಮಟ್ಟಿಗೆ ಮಾಯವಾಗಿ, ರೆಕ್ಕೆ ತರಗೆಲೆಯಂತೆ ಆಗಿರುತ್ತದೆ. ನೆಲದ ಮೇಲೆ ಕುಳಿತರೆ ಕಾಲಿಗೆ ಸಿಕ್ಕುವವರೆಗೂ ತಿಳಿಯದು. ಲಿನೇಯಸನು 1758ರಲ್ಲಿ ಲೀಡಾ ಎಂದೂ ಕ್ರಾಮರನು 1775ರಲ್ಲಿ ಇಸ್ಮೀನಿ ಎಂದೂ ಹೆಸರಿಟ್ಟರು. ಅವು ಎರಡು ಜಾತಿಗಳೆಂದು ಬಹುಕಾಲ ಎಣಿಕೆಯಿತ್ತು. ಕಲ್ಕತ್ತೆಯಲ್ಲಿ ಲಯನಲ್ ಡಿ ನಿಸೆವಿಲ್ ಅವರು ಈ ಬಳಗದ ಕಂದು ಚಿಟ್ಟೆಗಳನ್ನು ಸಾಕಿ, ಋತುವಿಗೆ ತಕ್ಕಂತೆ ರೂಪ ಬದಲಾಗುವ ಪ್ರಶ್ನೆಯನ್ನು ಕುರಿತು 1886ರಲ್ಲಿ ಪ್ರಕಟಿಸಿದರು. ಈಗ ಎರಡೂ ಸೇರಿ ಮೆಲನೈಟಿಸ್ ಲೀಡಾ ಎಂಬ ಒಂದೇ ಜಾತಿ. ಮುಂಗಾರು ಬೆಳೆಗೆ ಒಂದು ಹುಳು, ಬೇಸಗೆ ಬೆಳೆಗೆ ಇನ್ನೊಂದು ಹುಳು ಎಂದು ತಿಳಿದು ಎರಡು ಔಷಧಗಳಿಗೆ ಹಣ ಸುರಿಯುವುದಕ್ಕೆ ಕಾರಣವಿಲ್ಲ. ಸಾಮಾನ್ಯವಾಗಿ ಈ ಹುಳುವಿನ ಹಾನಿ ಔಷಧದ ಖರ್ಚಿನಷ್ಟೂ ಇರುವುದಿಲ್ಲ.

ಅಡಕೆ ತೆಂಗುಗಳ ಗರಿಯನ್ನು ತಿನ್ನುವ ಹುಳುವಿನ ಚಿಟ್ಟೆಯೊಂದರಲ್ಲಿಯೂ ಗಂಡು ಕಪ್ಪುಗಂದು, ಹೆಣ್ಣು ಕಿತ್ತಳೆಯ ಬಣ್ಣ. ಬಟ್ಲರ್ ಎಂಬವರು 1871ರಲ್ಲಿ ಅದಕ್ಕೆ ಎಲಿಮ್ನಿಯಾಸ್ ಕಾಡೇಟಾ ಎಂದು ಹೆಸರಿಟ್ಟರು. ಬಹುಕಾಲ ಅದನ್ನು ಪೂರ್ವದೇಶಗಳಲ್ಲಿರುವ ಇನ್ನೊಂದು ಜಾತಿಯ ಉಪಜಾತಿಯೆಂದು ಎಣಿಸಿದರು. ಈಚೆಗೆ ಅದನ್ನು ದಕ್ಷಿಣ ಭಾರತದ್ದೇ ಆದ ಬೇರೆ ಜಾತಿಯೆಂದು ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಒಂದುಗೂಡಿಸಿದುದೆಲ್ಲ ಸರಿಯೆಂದೂ ಹೇಳುವಂತಿಲ್ಲ.

ಗ್ರಾಮದ ಮುಖಂಡರೂ ಜಮೀನುದಾರರೂ ಈ ಕೆಲಸದಲ್ಲಿ ನೆರವಾಗಬಹುದಾದ ರೀತಿ ಬಲು ಸುಲಭವಾದುದು. ಕರಿಬೇವಿನ ಅಥವಾ ನಿಂಬೆಯ ಎಳೆಯ ಎಲೆಯ ಮೇಲೆ ಸಾಸುವೆಗಿಂತ ಕಿರಿದಾದ ಹಳದಿಯ ಗುಂಡು ಮೊಟ್ಟೆಯನ್ನಾಗಲಿ, ಹಕ್ಕಿಯ ಹಿಕ್ಕೆಯಂತೆ ಕಪ್ಪುಬಿಳುಪಾಗಿ ಕಾಣುವ ಮರಿಹುಳುವನ್ನಾಗಲಿ ಕಂಡರೆ, ರೆಂಬೆಯೊಡನೆ ಕತ್ತರಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿದ ಗಾಜಿನ ಜಾಡಿಯಲ್ಲಿಟ್ಟು, ದಿನವೂ ಹೊಸ ಎಲೆಯನ್ನು ಕೊಡಬೇಕು. ಹುಳು ಬಲಿತಾಗ ಹಸುರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬನ್ನು ಹೊರಚಾಚಿ ಕಟುವಾದ ವಾಸನೆಯನ್ನು ಬಿಡುತ್ತದೆ. ಅದರಿಂದ ಮನುಷ್ಯನಿಗೆ ಯಾವ ಅಪಾಯವೂ ಇಲ್ಲ. ಸೊಂಟಕ್ಕೆ ನೂಲಿನ ಪಟ್ಟಿಯನ್ನು ಬಿಗಿದುಕೊಂಡು ಕಡ್ಡಿಗೆ ಅಂಟಿ ಕೋಶವಾಗುತ್ತದೆ. ಮೊಟ್ಟೆಯಿಂದ ಚಿಟ್ಟೆಯವರೆಗೆ ಸುಮಾರು ಒಂದು ತಿಂಗಳು ಹಿಡಿಯುವುದು. ಒಂದೇ ಗಿಡದಿಂದ ತಂದ ಹುಳುಗಳಿಂದ ಬಿಳಿಮಚ್ಚೆಯ ಗಂಡೂ ಕೆಂಪುಮಚ್ಚೆಯ ಹೆಣ್ಣೂ ಹೊರಬಂದ ದಿವಸ, ಮೇಲೆ ಹೇಳಿದ ಇತಿಹಾಸವೆಲ್ಲ ಮನೆಯ ಜಗಲಿಯ ಮೇಲೆಯೇ ಪ್ರತ್ಯಕ್ಷವಾಗುವುದು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಕೆಲವು ಕೋಶಗಳಿಂದ ಚಿಟ್ಟೆ ಬರದೆ, ಸಣ್ಣ ರಂಧ್ರವಾಗಿ ಬಹು ಸಣ್ಣ ಕಣಜಗಳು ಹೊರಬರುವುವು. ಇವು ಹುಳುವಿನ ಶತ್ರುಗಳು, ನಮ್ಮ ಮಿತ್ರರು. ಇವನ್ನು ತೋಟದಲ್ಲಿಯೇ ಬಿಡಬೇಕು. ಕಂಡಾಗಲೆಲ್ಲ ವಿಷದ್ರಾವಣವನ್ನು ಸಿಂಪಡಿಸುವವರು ಈ ಕಣಜಗಳನ್ನು ಮೊದಲು ಕೊಲ್ಲುತ್ತಾರೆ. ದೊಡ್ಡ ಗಿಡಕ್ಕೆ ಹತ್ತಾರು ಹುಳುಗಳಿಂದ ನಷ್ಟವೇನೂ ಇಲ್ಲ. ಸಸಿಮಡಿಯಲ್ಲಿಯೂ ಹೊಸದಾಗಿ ನೆಟ್ಟ ಸಸಿಗಳಲ್ಲಿಯೂ ಮಾತ್ರ ಬೆಳಿಗ್ಗೆ ಬೆಳಿಗ್ಗೆ ಕೈಯಿಂದ ಆರಿಸಿ ತೆಗೆಸಿದರೆ ಸಾಕಾಗುತ್ತದೆ.

ಸಾಕಿದ ಚಿಟ್ಟೆಯನ್ನು ಕೊಲ್ಲಲೇಬೇಕೆಂಬ ನಿಯಮವಿಲ್ಲ. ರೆಕ್ಕೆಯ ಮೇಲುಭಾಗ, ಕೆಳಭಾಗ, ಮೈ ಈ ಮೂರೂ ಸ್ಪಷ್ಟವಾಗಿ ಕಾಣುವಂತೆ ಕೈಯಲ್ಲಿರುವ ಫೋನಿನಿಂದ ಚಿತ್ರಗಳನ್ನು ತೆಗೆದು ಬಿಟ್ಟುಬಿಡಬಹುದು. ತಾನಾಗಿ ಸತ್ತು ಬಿದ್ದ ಚಿಟ್ಟೆ ಸಿಕ್ಕಿದರೆ ರೆಕ್ಕೆಗಳನ್ನು ಬೆನ್ನಿನ ಮೇಲೆ ಮಡಿಸಿ, ತ್ರಿಕೋಣಾಕಾರವಾಗಿ ಮಡಿಸಿದ ಕಾಗದದಲ್ಲಿಟ್ಟು, ಒಣಗಿದ ಡಬ್ಬಿಯಲ್ಲಿ ನುಸಿಗುಳಿಗೆಯೊಡನೆ ಇಡಬೇಕು. ಕಾಗದದ ಮೇಲೆ ಗ್ರಾಮ, ಹೋಬಳಿ, ತಾಲ್ಲೂಕು, ತಾರೀಖು, ಹುಳು ತಿಂದ ಗಿಡ, ಬರೆದವರ ಹೆಸರು ಇವನ್ನು ಸೀಸದ ಕಡ್ಡಿಯಿಂದ ಬರೆಯಬೇಕು. ತೇವ ತಗುಲಿದರೆ ಶಾಯಿ ಹರಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೆಲವು ಜಾತಿಯ ಚಿಟ್ಟೆಗಳಿಗೂ ರಕ್ಷಣೆ ಕೊಟ್ಟಿರುವುದರಿಂದ ಬಲೆ ಹಿಡಿದು ಹೊರಡತಕ್ಕದ್ದಲ್ಲ; ಭದ್ರಾ ಅಭಯಾರಣ್ಯದ ಒಳಗಂತೂ ಅಪ್ಪಣೆಯಿಲ್ಲದೆ ಒಂದು ರೆಕ್ಕೆಯನ್ನೂ ಎತ್ತಕೂಡದು. ಚಿತ್ರಗಳನ್ನೂ ಕಾಗದದ ಪೊಟ್ಟಣಗಳನ್ನೂ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತೋರಿಸಬಹುದು. ಶಿವಮೊಗ್ಗೆಯ ಕಡೆಯವರು ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಕೀಟಶಾಸ್ತ್ರಜ್ಞರನ್ನೂ, ಭದ್ರಾವತಿಯ ಕಡೆಯವರು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರದ ಅಧ್ಯಾಪಕರನ್ನೂ ಕಾಣಬಹುದು. ಹೊರಡುವ ಮುನ್ನ ಪೊಟ್ಟಣದ ಮೇಲೆ ಊರಿನ ಹೆಸರು ಇದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳಬೇಕು.